ಗಾಡಿ ಚನ್ನಬಸವಣ್ಣನ ಸೈಕಲ್ಲು

ತೊರೆಕೊಪ್ಪಲು
20-6-1954

ಚಿರಂಜೀವಿ ವೀರಭದ್ರನಿಗೆ ನಿನ್ನ ಅಪ್ಪಾಜಿಯ ಆಶೀರ್ವಾದ. ಮಂಡಿ ಒಂದನ್ನು ಬಿಟ್ಟು ಈ ಕಡೆ ಉಳಿದದ್ದೆಲ್ಲ ಕ್ಷೇಮ. ಸೊಸೆ ನೀಲಾಂಬಿಕೆ ಬಾಣಂತನ ಮುಗಿಸಿ ಎದ್ದು ಓಡಾಡುತ್ತಿದ್ದಾಳೆಂದು ತಿಳಿದು ಸಂತೋಷವಾಯಿತು. ಕೂಸಿಗೆ ನನ್ನ ಮೂಗು ಬಂದಿದೆಯಂತೆ. ಪಾಪ, ಏನು ಮಾಡುವುದು.

ನಿನ್ನ ತಂಗಿ ನಂಜಿ ಬೆಟ್ಟದಪುರದ ಮಿಡ್ಲ್ ಸ್ಕೂಲಿಗೆ ಸೇರಿದಳು. ನಮ್ಮೂರಿನಿಂದ ಅಲ್ಲಿಗೆ ಹೋಗುವ ಹೆಣ್ಣುಮಗು ಅವಳೊಬ್ಬಳೇ. ದಾರಿ ನಾಲ್ಕು ಮೈಲಿ, ಮಧ್ಯೆ ಕುರುಚಲು ಕಾಡು ಬೇರೆ. ಊರ ಗಂಡುಹುಡುಗರ ಗುಂಪಿನ ಬಿರುಸು ನಡಿಗೆಗೆ ಅವಳ ಕಾಲು ಸಾಲದು. ಹನ್ನೊಂದು ವರ್ಷದ ಹುಡುಗಿಯನ್ನು ಒಬ್ಬಳನ್ನೇ ಬಿಡುವ ಹಾಗಿಲ್ಲ, ಅದಕ್ಕೆ ನಾನೇ ನಡೆಸಿಕೊಂಡು ಹೋಗುತ್ತಿದ್ದೇನೆ. ಬೆಳಿಗ್ಗೆ ಬಿಟ್ಟು ಬರಲು ಎಂಟು ಮೈಲಿ, ಸಾಯಂಕಾಲ ಕರೆತರಲು ಎಂಟು ಮೈಲಿ. ಗಾಡಿ ಕಟ್ಟೋಣವೆಂದರೆ ಎತ್ತುಗಳು ಉಳುಮೆಗೆ ಬೇಕು. ಮಂಡಿಯ ವಿಷಯ ಮೇಲೆ ಬರೆದಿದ್ದೇನಲ್ಲ, ಇದೇ ಕಾರಣ.

ನೀನು ಎರಡು ಸಲ ಬರೆದೆ, ಅವಳನ್ನು ಹೆಗ್ಗಡದೇವನಕೋಟೆಗೆ ಕಳಿಸಿಬಿಡಿ, ನಮ್ಮ ಮನೆಯಲ್ಲಿದ್ದುಕೊಂಡು ಓದಲಿ ಎಂದು. ನಿನ್ನ ಮನಸ್ಸು ದೊಡ್ಡದು. ಆದರೆ ಕಳಿಸುವುದಿಲ್ಲ. ನಿಮ್ಮಮ್ಮ ತೀರಿಹೋಗಿ ನಾಲ್ಕು ವರ್ಷವಾಯಿತು, ಅಂದಿನಿಂದ ಅವಳಿಗೆ ಜಡೆ ಹಾಕುವವನು ನಾನು. ಎತ್ತಿನ ಹಗ್ಗ ಹೊಸೆದ ಕೈಗೆ ಜಡೆ ಒಂದು ಲೆಕ್ಕವೇ? ಬಿಚ್ಚುವುದೇ ಕಷ್ಟ ಅನ್ನುತ್ತಾಳೆ ನಂಜಿ, ಅಷ್ಟು ಬಿಗಿಯಾಗಿರುತ್ತದೆ.

ಕಳಿಸುವ ಬದಲು ಬೇರೊಂದು ಕೆಲಸ ಮಾಡಿದ್ದೇನೆ. ಮೊನ್ನೆ ಹುಣಸೂರಿಗೆ ಹೋಗಿ ಹಳೆಯದೊಂದು ಸೈಕಲ್ಲು ತಂದೆ. ಹದಿನೈದು ಮೈಲಿ ತಳ್ಳಿಕೊಂಡೇ ಬಂದೆ, ಹತ್ತಲು ಬರುವುದಿಲ್ಲವಲ್ಲ. ದಾರಿಯಲ್ಲಿ ಸಿಕ್ಕವರೆಲ್ಲ "ಯಾಕಣ್ಣ, ಪಂಚರಾ?" ಅಂದರು. ಎಲ್ಲರಿಗೂ ಹೂಂ ಅಂದೆ.

ಇಂತಿ,
ನಿನ್ನ ಅಪ್ಪಾಜಿ
ಚನ್ನಬಸವಣ್ಣ


ಹೆಗ್ಗಡದೇವನಕೋಟೆ
29-6-1954

ತೀರ್ಥರೂಪರಾದ ಅಪ್ಪಾಜಿಯವರಿಗೆ ವೀರಭದ್ರನ ನಮಸ್ಕಾರಗಳು. ಕ್ಷೇಮ ಸಮಾಚಾರವನ್ನು ಆಮೇಲೆ ಬರೆಯುತ್ತೇನೆ, ಮೊದಲು ಸೈಕಲ್ಲಿನ ವಿಷಯ.

ನಿಮಗೆ ಅರವತ್ತೊಂದು. ಆ ವಯಸ್ಸಿನವರು ಜಗಲಿಯ ಮೇಲೆ ಕೂತು ಮೊಮ್ಮಕ್ಕಳನ್ನು ಆಡಿಸುತ್ತಾರೆ. ನೀವು ಸೈಕಲ್ಲು ಕಲಿಯಲು ಹೊರಟಿದ್ದೀರಿ. ಊರಿನವರು ನಗುತ್ತಾರೆ ಎಂಬುದನ್ನು ನೀವು ಲೆಕ್ಕಕ್ಕೆ ಇಡುವವರಲ್ಲ, ಗೊತ್ತು. ಬಿದ್ದು ಸೊಂಟ ಮುರಿದರೆ ಆ ಮಗುವಿಗೆ ಗಂಜಿ ಕಾಯಿಸಿ ಕೊಡುವವರು ಯಾರು? ಅದನ್ನಾದರೂ ಲೆಕ್ಕಕ್ಕೆ ಇಡಿ.

ನಮ್ಮ ಮನೆಯಿಂದ ಶಾಲೆಗೆ ಕೂಗಳತೆ. ನಾನೇ ಮೇಷ್ಟ್ರು. ನೀಲಾಂಬಿಕೆಗೂ ಮೂರು ಮಕ್ಕಳ ಮಧ್ಯೆ ಜೊತೆಗೊಬ್ಬರಾಗುತ್ತಾರೆ. ನನ್ನನ್ನು ಹುಣಸೂರಿನಲ್ಲಿ ಸೋದರತ್ತೆಯ ಮನೆಯಲ್ಲಿ ಬಿಟ್ಟು ಓದಿಸಲಿಲ್ಲವೇ? ನಾನೇನು ಕೆಟ್ಟುಹೋದೆನೇ? ದಯವಿಟ್ಟು ಯೋಚಿಸಿ.

ಕೂಸಿಗೆ ಹಲ್ಲು ಬರುವ ಸೂಚನೆಯಿದೆ. ಉಳಿದಂತೆ ಕ್ಷೇಮ.

ತಮ್ಮ ವಿಧೇಯ ಮಗ
ವೀರಭದ್ರಸ್ವಾಮಿ


ತೊರೆಕೊಪ್ಪಲು
1-8-1954

ಚಿರಂಜೀವಿ ವೀರಭದ್ರನಿಗೆ ಅಪ್ಪಾಜಿಯ ಆಶೀರ್ವಾದ. ಸೈಕಲ್ಲು ಬಂತು. ಎಂದರೆ ಹತ್ತುವುದು ಬಂತು, ತುಳಿಯುವುದು ಬಂತು, ತಿರುಗಿಸುವುದೂ ಬಂತು. ಇಷ್ಟು ದಿನ ಬಾರದೆ ಇದ್ದದ್ದು ನಿಲ್ಲಿಸುವುದು.

ಇದು ನಲವತ್ತು ವರ್ಷ ಹಗ್ಗ ಹಿಡಿದ ಕೈ ಕಣಪ್ಪ. ಪಿರಿಯಾಪಟ್ಟಣದಿಂದ ಕೃಷ್ಣರಾಜನಗರದವರೆಗೆ ಎಷ್ಟು ಗಾಡಿ ಹೊಗೆಸೊಪ್ಪು, ಎಷ್ಟು ಗಾಡಿ ಭತ್ತ ಹೊಡೆದಿದ್ದೇನೋ. ನಿಲ್ಲಬೇಕೆಂದು ಮನಸ್ಸಿಗೆ ಬಂದ ಕೂಡಲೇ ಎರಡು ಕೈಯಲ್ಲೂ ಹ್ಯಾಂಡಲ್ಲನ್ನು ಎದೆಗೆ ಎಳೆದುಕೊಂಡು, ಹಿಂದಕ್ಕೆ ಒರಗಿ, "ಹೋ, ಹೋ" ಅನ್ನುತ್ತೇನೆ. ಎತ್ತಾಗಿದ್ದರೆ ನಿಲ್ಲುತ್ತಿತ್ತು. ಇದು ನಿಲ್ಲದೆ ನೇರವಾಗಿ ದಾರಿಯ ಪಕ್ಕದ ಬೀರಮ್ಮನ ಗದ್ದೆಗೆ ಇಳಿಯಿತು, ನಾನೂ ಇಳಿದೆ. ಕೆಸರಿನಿಂದ ತಲೆಯೆತ್ತಿ ನೋಡಿದರೆ ಬೀರಮ್ಮ ಬದುವಿನ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ಏನಣ್ಣ, ಊರೆತ್ತಿಗೆಲ್ಲ ಮೂಗುದಾರ ಆಕಿದೋನು ನೀನು, ಈ ಕಬ್ಬುಣಕ್ಕೆ ಒಂದ್ ಆಕಕ್ಕಾಗ್ಲಿಲ್ವಾ?" ಅಂದಳು. ಒಟ್ಟು ನಾಲ್ಕು ಸಲ ಆ ಗದ್ದೆಗೆ ಇಳಿದಿದ್ದೇನೆ. ಕೊನೆಯ ಸಲ ಅವಳು ಬೈಯಲೂ ಇಲ್ಲ, ನಾಟಿ ಹೆಂಗಸರನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟಳು.

ಇದಕ್ಕೆ ಮದ್ದು ಕಂಡುಹಿಡಿದವಳು ನಂಜಿ. "ಅಪ್ಪಾಜಿ, ನಿಲ್ಸಿ ಅಂದ್ರೆ ನೀವು ಎಳೀತೀರಿ. ನಾನಿನ್ನು ನಿಲ್ಸಿ ಅನ್ನಲ್ಲ, ಬೆರಳು ಅಂತೀನಿ" ಅಂದಳು. ಈಗ ಹಿಂದೆ ಕ್ಯಾರಿಯರಿನ ಮೇಲೆ ಕೂತು, ನಿಲ್ಲಬೇಕಾದ ಕಡೆ "ಬೆರಳು" ಎಂದು ಕೂಗುತ್ತಾಳೆ. ನಾನು ಬೆರಳಿನಿಂದ ಬ್ರೇಕು ಹಿಡಿಯುತ್ತೇನೆ. ಮೊನ್ನೆ ಸೋಮವಾರ ಶಾಲೆಯ ಬಾಗಿಲಿನಲ್ಲಿ ಸರಿಯಾಗಿ ನಿಂತಾಗ ಹೆಡ್ಮಾಸ್ಟರೇ ಹೊರಗೆ ಬಂದು ನೋಡಿದರು. ನನಗೆ ಇಪ್ಪತ್ತು ವರ್ಷ ಇಳಿದ ಹಾಗಾಯಿತು.

ಇಂತಿ,
ಅಪ್ಪಾಜಿ

ಅಣ್ಣಯ್ಯನವರಿಗೆ ನಿಮ್ಮ ತಂಗಿ ಶಿವನಂಜಮ್ಮನ ನಮಸ್ಕಾರ. ಕಾಗದ ಅಂಟಿಸಲು ನನ್ನ ಕೈಗೆ ಕೊಟ್ಟಿದ್ದಾರೆ. ಅಪ್ಪಾಜಿ ಬರೆಯದೆ ಬಿಟ್ಟದ್ದು ಏನೆಂದರೆ, ಮೂರನೇ ಸಲ ಬಿದ್ದಾಗ ಪಾದ ಉಳುಕಿ ಎಂಟು ದಿನ ಏಳಲಿಲ್ಲ. ಆ ಎಂಟು ದಿನ ನಾನು ಶಾಲೆಗೆ ಹೋಗಲಿಲ್ಲ. ಸುಳ್ಳು ಬರೆಯಬಾರದೆಂದು ನೀವೇ ಹೇಳಿಕೊಟ್ಟಿದ್ದೀರಲ್ಲ, ಅದಕ್ಕೆ ಬರೆದೆ.


ಹೆಗ್ಗಡದೇವನಕೋಟೆ
14-8-1954

ಅಪ್ಪಾಜಿಯವರಿಗೆ ನಮಸ್ಕಾರಗಳು.

ಎಂಟು ದಿನ. ನನ್ನ ಕ್ಲಾಸಿನಲ್ಲಿ ಎಂಟು ದಿನ ತಪ್ಪಿಸಿದ ಮಗುವಿಗೆ ಭಾಗಾಕಾರವೇ ತಪ್ಪಿಹೋಗುತ್ತದೆ. ಅದನ್ನು ನೀವು ಬರೆಯಲೂ ಇಲ್ಲ. ಬೀರಮ್ಮನ ಮಾತನ್ನು ಮಾತ್ರ ಚೆನ್ನಾಗಿ ಬರೆದಿದ್ದೀರಿ. ನಕ್ಕು ಮರೆಸಬಹುದೆಂದುಕೊಂಡಿರಿ.

ಹುಣಸೂರಿನಲ್ಲಿ ಬಿಟ್ಟಿದ್ದರಿಂದ ನಾನೇನು ಕೆಟ್ಟುಹೋದೆನೇ ಎಂದು ಹಿಂದಿನ ಕಾಗದದಲ್ಲಿ ಕೇಳಿದ್ದೆ. ನಿಜ ಹೇಳುತ್ತೇನೆ. ಐದನೇ ಕ್ಲಾಸಿನಿಂದ ಎಂಟನೆಯದರವರೆಗೆ ಪ್ರತಿ ಗುರುವಾರ ಮಧ್ಯಾಹ್ನ ನಿಮ್ಮ ಗಾಡಿ ಸೇತುವೆ ದಾಟಿ ಏರು ಹತ್ತುತ್ತಿತ್ತು. ಏರಿನ ಪಕ್ಕದಲ್ಲೇ ನಮ್ಮ ಶಾಲೆ. ನಮ್ಮ ಎತ್ತಿನ ಕೊರಳಗಂಟೆಯನ್ನು ನಾನು ದೂರದಿಂದಲೇ ಗುರುತು ಹಿಡಿಯುತ್ತಿದ್ದೆ. ಮೇಷ್ಟ್ರಿಗೆ ಒಂದು ಬೆರಳು ತೋರಿಸಿ ಬೇಲಿಯ ಹತ್ತಿರ ಓಡಿ ಬರುತ್ತಿದ್ದೆ. ನಾಲ್ಕು ವರ್ಷದಲ್ಲಿ ನೀವು ಒಂದು ಸಲವೂ ನಿಲ್ಲಿಸಲಿಲ್ಲ. ಒಂದು ಸಲವೂ ಈ ಕಡೆ ತಿರುಗಿ ನೋಡಲಿಲ್ಲ. ಅಂಥವರು ಈಗ ಅರವತ್ತೊಂದನೇ ವಯಸ್ಸಿನಲ್ಲಿ ಮಗಳನ್ನು ಕೂರಿಸಿಕೊಂಡು ಶಾಲೆಯ ಬಾಗಿಲಿನಲ್ಲಿ ಇಳಿಸುತ್ತೀರಿ, ಹೆಡ್ಮಾಸ್ಟರು ನೋಡಿದರೆಂದು ಹಿಗ್ಗುತ್ತೀರಿ. ಓದಿ ಸಂತೋಷಪಡಬೇಕಾಗಿತ್ತು. ನನಗೆ ಹೊಟ್ಟೆ ಉರಿಯಿತು. ಮೂವತ್ತೈದು ವರ್ಷದವನಿಗೆ ಹನ್ನೊಂದರ ತಂಗಿಯ ಮೇಲೆ ಹೊಟ್ಟೆಕಿಚ್ಚು ಬಂದಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ.

ಇರಲಿ. ದಸರಾ ರಜೆಗೆ ಬಂದು ನಂಜಿಯನ್ನು ಕರೆದುಕೊಂಡು ಬರುತ್ತೇನೆ. ಬಟ್ಟೆ ಜೋಡಿಸಿಡಿ. ನಿಮಗೆ ಅಷ್ಟು ಶಕ್ತಿಯಿದ್ದರೆ ಆ ಸೈಕಲ್ಲಿನ ಮೇಲೆ ಕೋಟೆಗೆ ಬಂದು ತೋರಿಸಿ. ಆಮೇಲೆ ನಾನು ಅವಳ ಮಾತು ಎತ್ತುವುದಿಲ್ಲ.

ವೀರಭದ್ರಸ್ವಾಮಿ


ತೊರೆಕೊಪ್ಪಲು
12-9-1954

ಅಣ್ಣಯ್ಯನವರಿಗೆ ಶಿವನಂಜಮ್ಮ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಬಂದು ನಾಲ್ಕು ವಾರವಾಯಿತು. ಅಪ್ಪಾಜಿ ಅದನ್ನು ನನಗೆ ಓದಲು ಕೊಟ್ಟಿಲ್ಲ. ದನದ ಕೊಟ್ಟಿಗೆಯ ಹತ್ತಿರ ನಿಂತು ಓದುತ್ತಾರೆ, ಮಡಿಸಿ ಒಳಜೇಬಿಗೆ ಇಟ್ಟುಕೊಳ್ಳುತ್ತಾರೆ. ಏನು ಬರೆದಿದ್ದೀರಿ? ದಸರಾಕ್ಕೆ ನನ್ನನ್ನು ಕರೆದುಕೊಂಡು ಹೋಗುತ್ತೀರೆಂದೂ, ನನಗೆ ಭಾಗಾಕಾರ ತಪ್ಪಿಹೋಗುತ್ತದೆಂದು ಬರೆದಿದ್ದೀರೆಂದೂ ಮಾತ್ರ ಹೇಳಿದರು. ನಿಮ್ಮ ಮೇಲೆ ಕೋಪವಿಲ್ಲ. ಆದರೆ ನಾನು ಬರುವುದಿಲ್ಲ.

ಆ ಎಂಟು ದಿನದ ಪಾಠವನ್ನೆಲ್ಲ ಬರೆದುಕೊಂಡಿದ್ದೇನೆ. ಭಾಗಾಕಾರವನ್ನು ಅಪ್ಪಾಜಿಯೇ ಹೇಳಿಕೊಟ್ಟರು, ಬೆರಳ ಗೆಣ್ಣಿನ ಮೇಲೆ ಲೆಕ್ಕ ಹಾಕುತ್ತಾರೆ. ನಾನು ಸ್ಲೇಟಿನಲ್ಲಿ ಮಾಡುವಷ್ಟರಲ್ಲಿ ಅವರದು ಮುಗಿದಿರುತ್ತದೆ.

ನಿಮ್ಮ ತಂಗಿ
ಶಿವನಂಜಮ್ಮ


ತೊರೆಕೊಪ್ಪಲು
26-9-1954

ವೀರಭದ್ರ,

ಆರು ವಾರ ಬರೆಯಲಾಗಲಿಲ್ಲ. ನಾಲ್ಕೈದು ಸಲ ಕೂತೆ, ಎದ್ದೆ.

ನೀನು ಬೇಲಿಯ ಹತ್ತಿರ ನಿಂತದ್ದು ನನಗೆ ಗೊತ್ತಿತ್ತು. ಬಿಳಿ ಅಂಗಿ ಕಾಣಿಸುತ್ತಿತ್ತು. ಹೇರು ಹೊತ್ತ ಗಾಡಿಯನ್ನು ಏರಿನ ಮಧ್ಯೆ ನಿಲ್ಲಿಸಬಾರದು ಕಣಪ್ಪ. ನಿಲ್ಲಿಸಿದರೆ ಎತ್ತು ಮತ್ತೆ ಮುಂದಕ್ಕೆ ಎಳೆಯುವುದಿಲ್ಲ, ಗಾಡಿ ಹಿಂದಕ್ಕೆ ಜಾರುತ್ತದೆ, ಹಿಂದಿನ ಗಾಡಿಯವನು ಸಾಯುತ್ತಾನೆ. ಕತ್ತು ತಿರುಗಿಸಿದರೆ ಹಗ್ಗ ಒಂದು ಕಡೆ ಬಿಗಿಯಾಗುತ್ತದೆ, ಎತ್ತು ಆ ಕಡೆಗೆ ಎಳೆಯುತ್ತದೆ. ಇದನ್ನು ಯಾವ ಗಾಡಿಯವನನ್ನು ಬೇಕಾದರೂ ಕೇಳು, ಹೇಳುತ್ತಾನೆ.

ಅಲ್ಲಿಗೆ ನಿಲ್ಲಿಸಿ ಕಾಗದವನ್ನು ಅಂಚೆಗೆ ಹಾಕೋಣವೆಂದಿದ್ದೆ. ಹಾಕಲು ಮನಸ್ಸು ಬರಲಿಲ್ಲ. ಏಕೆಂದರೆ ಏರು ಹತ್ತಿದ ಮೇಲೆ ಆಲದ ಮರದ ಕೆಳಗೆ ನಾವೆಲ್ಲ ಗಾಡಿ ಬಿಟ್ಟು ಎತ್ತಿಗೆ ನೀರು ತೋರಿಸುತ್ತಿದ್ದೆವು. ಒಂದು ಗಳಿಗೆ ಕೂತು ಎಲೆಅಡಿಕೆ ಹಾಕುತ್ತಿದ್ದೆವು. ಅಲ್ಲಿಂದ ನಿನ್ನ ಬೇಲಿಗೆ ಇನ್ನೂರು ಹೆಜ್ಜೆಯೂ ಇಲ್ಲ. ನಾನು ನಡೆದು ಬರಬಹುದಾಗಿತ್ತು. ಬರಲಿಲ್ಲ. ಅದಕ್ಕೆ ನನ್ನ ಹತ್ತಿರ ಕಾರಣವಿಲ್ಲ. ಮಗನಿಗೆ ರಾಗಿ ಕಳಿಸಿದ್ದೇನೆ, ಫೀಸು ಕಟ್ಟಿದ್ದೇನೆ, ಇನ್ನೇನು ಬೇಕು ಎಂದುಕೊಂಡಿದ್ದೆ. ನಮ್ಮಪ್ಪ ನನಗೆ ಅಷ್ಟೂ ಮಾಡಿರಲಿಲ್ಲ. ಮಕ್ಕಳ ಜೊತೆ ಇರುವುದೇ ಒಂದು ಕೆಲಸ ಎಂದು ನನಗೆ ತಿಳಿದದ್ದು ನಿಮ್ಮಮ್ಮ ಹೋಗಿ, ಏಳು ವರ್ಷದ ನಂಜಿ ಬಾಚಣಿಗೆ ಹಿಡಿದು ನನ್ನ ಮುಂದೆ ಬೆನ್ನು ಮಾಡಿ ಕೂತಾಗ. ನಿನ್ನ ಪಾಲಿಗೆ ಅದು ತಡವಾಯಿತು. ತಪ್ಪು ನನ್ನದು, ಮಗನೇ.

ಒಂದು ಮಗುವನ್ನು ಕಳಿಸಿ ನೋಡಿದ್ದೇನೆ. ಇನ್ನೊಂದನ್ನು ಕಳಿಸುವುದಿಲ್ಲ.

ದಸರೆಗೆ ಬರಬೇಡ. ನಿನ್ನ ಷರತ್ತು ಒಪ್ಪಿದ್ದೇನೆ. ಮಾಘ ಮಾಸದವರೆಗೆ ಸಮಯ ಕೊಡು, ಕೋಟೆಗೆ ಸೈಕಲ್ಲಿನ ಮೇಲೆ ಬರುತ್ತೇನೆ.

ಅಪ್ಪಾಜಿ


ಹೆಗ್ಗಡದೇವನಕೋಟೆ
10-10-1954

ಅಪ್ಪಾಜಿಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಓದಿದೆ. ನಾಲ್ಕು ಸಲ ಓದಿದೆ. ಹೇಳಿದಂತೆ ದಸರೆಗೆ ಬರಲಿಲ್ಲ.

ಕೋಟೆಗೆ ಬನ್ನಿ ಎಂದದ್ದು ಕೋಪದ ಮಾತು. ದಮ್ಮಯ್ಯ, ಆ ಹುಚ್ಚು ಸಾಹಸ ಮಾಡಬೇಡಿ. ನಲವತ್ತು ಮೈಲಿ, ಹುಣಸೂರು ದಾಟಿದರೆ ರಸ್ತೆಯೂ ಸರಿಯಿಲ್ಲ. ಈಗ ನನಗೆ ಕೋಪವಿಲ್ಲ, ಚಿಂತೆ ಇದೆ. ನೀವು ಒಂದು ತಿಂಗಳು ಹಾಸಿಗೆ ಹಿಡಿದರೆ ನಂಜಿಯ ಓದು ಅಲ್ಲಿಗೆ ನಿಂತಿತು. ಎಂಟು ದಿನದಲ್ಲಿ ಅದನ್ನು ನೋಡಿದ್ದೇವೆ. ನಿಮ್ಮ ಕಾಲಿನ ಮೇಲೆ ಅವಳ ಶಾಲೆ ನಿಂತಿದೆ. ಇದಕ್ಕೆ ನಿಮ್ಮ ಹತ್ತಿರ ಉತ್ತರವಿದೆಯೇ?

ವೀರಭದ್ರ


ತೊರೆಕೊಪ್ಪಲು
16-1-1955

ಚಿರಂಜೀವಿ ವೀರಭದ್ರನಿಗೆ ಅಪ್ಪಾಜಿಯ ಆಶೀರ್ವಾದ. ಮೊನ್ನೆ ಸಂಕ್ರಾಂತಿಯಾಯಿತು. ನಿನ್ನ ಪಾಲಿನ ಎಳ್ಳುಬೆಲ್ಲವನ್ನು ನಂಜಿ ಡಬ್ಬಿಯಲ್ಲಿ ತೆಗೆದಿಟ್ಟಿದ್ದಾಳೆ. ತಿನ್ನದೆ ಇಟ್ಟಿದ್ದಾಳೆ ಎಂದು ನಾನು ಪ್ರಮಾಣ ಮಾಡಲಾರೆ.

ಅರ್ಧ ವರ್ಷದ ಪರೀಕ್ಷೆಯಲ್ಲಿ ಲೆಕ್ಕದಲ್ಲಿ ಅವಳೇ ಮೊದಲು. ನನ್ನ ಸಮಾಚಾರ ಕೇಳು. ಮಧ್ಯಾಹ್ನ ಮನೆಗೆ ಬಂದು ಹೋಗುವುದು ಯಾಕೆಂದು ವಾರದಲ್ಲಿ ಮೂರು ದಿನ ಬೆಟ್ಟದಪುರದಲ್ಲೇ ಉಳಿಯುತ್ತೇನೆ. ಸುಮ್ಮನೆ ಕೂತಿರಲಾರದೆ ಮೊದಲು ಶಾಲೆಯ ಬೇಲಿ ಕಟ್ಟಿದೆ. ಆಮೇಲೆ ಕೈಕೆಲಸದ ಪೀರಿಯಡ್ಡಿನಲ್ಲಿ ಹುಡುಗರಿಗೆ ಹಗ್ಗ ಹೊಸೆಯುವುದನ್ನು ಹೇಳಿಕೊಟ್ಟೆ. ಅವರು ನನಗೆ ತಕಲಿಯಲ್ಲಿ ನೂಲು ತೆಗೆಯುವುದನ್ನು ಹೇಳಿಕೊಟ್ಟರು. ನನ್ನ ನೂಲಿನಲ್ಲಿ ಎಮ್ಮೆ ಕಟ್ಟಬಹುದು ಎಂದು ಹೆಡ್ಮಾಸ್ಟರು ಹೇಳುತ್ತಾರೆ. ಆಟದ ಹೊತ್ತಿನಲ್ಲಿ ಲಗೋರಿಗೆ ಎರಡು ಕಡೆಯವರೂ ನನ್ನನ್ನು ಕರೆಯುತ್ತಾರೆ. ನನಗೆ ಗುರಿ ಚೆನ್ನಾಗಿದೆ, ಓಟ ಇಲ್ಲ. ಅದಕ್ಕೆ ನನ್ನ ಪರವಾಗಿ ನಂಜಿ ಓಡುತ್ತಾಳೆ. ರಾತ್ರಿ ಮಂಡಿ ನೋಯುತ್ತದೆ, ನಿಜ. ಜಗಲಿಯ ಮೇಲೆ ಕೂತಿದ್ದರೂ ನೋಯುತ್ತಿತ್ತು.

ನಿನ್ನ ಪ್ರಶ್ನೆಗೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಅದು ಸರಿಯಾದ ಪ್ರಶ್ನೆ. ಉತ್ತರವನ್ನು ಬರೆಯುವುದಿಲ್ಲ, ತರುತ್ತೇನೆ.

ಇಂತಿ,
ಅಪ್ಪಾಜಿ


ಹೆಗ್ಗಡದೇವನಕೋಟೆ
21-2-1955

ತೀರ್ಥರೂಪರಾದ ಅಪ್ಪಾಜಿಯವರ ಪಾದಗಳಿಗೆ ನಿಮ್ಮ ವೀರಭದ್ರನ ನಮಸ್ಕಾರಗಳು.

ಸುಖವಾಗಿ ಊರು ಸೇರಿದಿರೆಂದು ನಿಮ್ಮ ಕಾರ್ಡು ಇವತ್ತು ಬಂತು. ಹುಣಸೂರಿನವರೆಗೆ ಬಸ್ಸಿನ ಮೇಲೆ ಸೈಕಲ್ಲು ಹಾಕಿಸುತ್ತೇನೆಂದರೂ ನೀವು ಕೇಳಲಿಲ್ಲ. ಕಾರ್ಡು ಬರುವವರೆಗೆ ಇಲ್ಲಿ ಯಾರಿಗೂ ಊಟ ಸೇರಿರಲಿಲ್ಲ.

ನೀವು ಬಂದ ಆ ಮಂಗಳವಾರ ಮಧ್ಯಾಹ್ನ ಏನಾಯಿತೆಂದು ನೀವಿದ್ದ ಎರಡು ದಿನದಲ್ಲಿ ನಾನು ಹೇಳಲೇ ಇಲ್ಲ. ಈಗ ಬರೆಯುತ್ತೇನೆ. ಹೆಂಚು ಹೊದಿಸಲು ನಂಜಿಯ ಶಾಲೆಗೆ ರಜೆ ಕೊಟ್ಟಿದ್ದಾರೆಂದು ನನಗೇನು ಗೊತ್ತು? ಮೂರನೇ ಕ್ಲಾಸಿಗೆ ಮಗ್ಗಿ ಹೇಳಿಸುತ್ತಿದ್ದೆ. ಇದ್ದಕ್ಕಿದ್ದಂತೆ ಮಕ್ಕಳೆಲ್ಲ ಕಿಟಕಿಗೆ ಹೋದರು. ಗದರಿಸಲು ಹೋದವನು ನಾನೂ ನೋಡಿದೆ. ದೊಡ್ಡವರ ಸೈಕಲ್ಲಿನ ಕಂಬಿಯ ಕೆಳಗಿನ ಸಂದಿಯಿಂದ ಕಾಲು ತೂರಿಸಿ, ಒಂದು ಪಕ್ಕಕ್ಕೆ ವಾಲಿಕೊಂಡು ತುಳಿಯುತ್ತ, ಒಂದು ಹುಡುಗಿ ಶಾಲೆಯ ಅಂಗಳಕ್ಕೆ ಬಂತು. ಕೆಂಪು ಧೂಳಿನಲ್ಲಿ ಮುಖ ಗುರುತು ಸಿಗಲಿಲ್ಲ. ಆ ಬಿಗಿ ಜಡೆ ನೋಡಿ ಗುರುತು ಹಿಡಿದೆ. ಹಿಂದೆ ಕ್ಯಾರಿಯರಿನಲ್ಲಿ ನೀವಿರಲಿಲ್ಲ.

ಮೊದಲು ಬಂದ ಯೋಚನೆ, ಅಪ್ಪಾಜಿ ದಾರಿಯಲ್ಲಿ ಬಿದ್ದರು ಎಂದು. ಎರಡನೆಯದನ್ನು ಬರೆಯುವುದಿಲ್ಲ. ಚಪ್ಪಲಿ ಮೆಟ್ಟದೆ ಓಡಿದೆ. ಅವಳು ಬಾವುಟದ ಕಂಬವನ್ನು ಸುತ್ತುತ್ತಿದ್ದಳು, ನಿಲ್ಲಲಿಲ್ಲ. ಇಳಿಯಲು ಎತ್ತರದ ಕಲ್ಲೋ ಜಗಲಿಯೋ ಬೇಕಂತೆ. ಮೂರನೇ ಸುತ್ತಿಗೆ ಜಗಲಿಗೆ ಕಾಲು ಕೊಟ್ಟು ನಿಂತಳು. "ಅಪ್ಪಾಜಿ ಎಲ್ಲವ್ವ?" ಅಂದೆ. "ಬತ್ತಾವ್ರೆ ಕಣಣ್ಣಯ್ಯ, ಹಿಂದೆ ನಡ್ಕೊಂಡು. ಊರ ಬಾಗ್ಲಲ್ಲಿ ಇಳ್ದು ಸೈಕಲ್ ನಂಗೆ ಕೊಟ್ರು. ನಿಮ್ಮಣ್ಣ ನನ್ನ ಕಾಲ್ ಮಾತು ಕೇಳವ್ನೆ, ಮೊದ್ಲು ನಿನ್ ಕಾಲು ನೋಡ್ಲಿ ಅಂದ್ರು" ಎಂದಳು. ಡಿಸೆಂಬರಿನಿಂದ ಶಾಲೆಯ ದಾರಿಯಲ್ಲಿ ಅರ್ಧ ಅವಳೇ ತುಳಿಯುತ್ತಿದ್ದಾಳೆ, ನೀವು ಪಕ್ಕದಲ್ಲಿ ನಡೆಯುತ್ತೀರಿ, ನೀವು ಹಾಸಿಗೆ ಹಿಡಿದ ದಿನ ಅವಳು ಸೈಕಲ್ಲಿನಲ್ಲೇ ಊರ ಹುಡುಗರ ಗುಂಪಿನ ಜೊತೆ ತಾನೇ ಹೋಗಿ ಬರುತ್ತಾಳೆ ಎಂಬುದೆಲ್ಲ ಆಮೇಲೆ ತಿಳಿಯಿತು. ನಮ್ಮ ಹೆಡ್ಮಾಸ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಕೋಟೆಯಲ್ಲಿ ಹೆಣ್ಣುಮಗು ಸೈಕಲ್ಲು ತುಳಿದದ್ದನ್ನು ಅವರು ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ.

ಕಾಲು ಗಂಟೆಯ ಮೇಲೆ ನೀವು ಬಂದಿರಿ. ಪಂಚೆಯನ್ನು ಮೇಲಕ್ಕೆ ಕಟ್ಟಿ, ರುಮಾಲಿನಲ್ಲಿ ಮುಖ ಒರೆಸಿಕೊಳ್ಳುತ್ತ, ಸಂತೆಯಿಂದ ಬಂದವರ ಹಾಗೆ. ನಾನು ಕಾಲು ಮುಟ್ಟಲು ಬಗ್ಗಿದರೆ "ಆಮೇಲೆ ಮಾಡೀಯಂತೆ. ಮಕ್ಳು ಕಾಯ್ತಾವೆ, ಪಾಠ ಮಾಡೋಗು. ನಾನೂ ಕೇಳ್ತೀನಿ" ಅಂದಿರಿ. ಒಳಗೆ ಬಂದು ಕಡೆಯ ಸಾಲಿನಲ್ಲಿ ಮಕ್ಕಳ ಮಧ್ಯೆ ಚಕ್ಕಂಬಕ್ಕಳ ಹಾಕಿ ಕೂತಿರಿ. ಮಕ್ಕಳು ಏಳರ ಮಗ್ಗಿ ಮುಗಿಸಿದರೆ ನೀವು ಮುಕ್ಕಾಲರ ಮಗ್ಗಿ ಶುರು ಮಾಡಿದಿರಿ. ನನ್ನ ಕ್ಲಾಸು ಅವತ್ತು ಹಾಳಾಯಿತು. ಆದರೂ ಹನ್ನೆರಡು ವರ್ಷದ ಮೇಷ್ಟ್ರಗಿರಿಯಲ್ಲಿ ಅಷ್ಟು ಚೆನ್ನಾಗಿ ಯಾವತ್ತೂ ಪಾಠ ಮಾಡಿಲ್ಲ. ಬೋರ್ಡಿನ ಕಡೆ ತಿರುಗಿ ಬಹಳ ಹೊತ್ತು ಬರೆದದ್ದು ಏಕೆಂದು ನಿಮಗೆ ಗೊತ್ತಾಗಿರಬೇಕು.

ನಂಜಿಯ ಮಾತನ್ನು ಇನ್ನು ಎತ್ತುವುದಿಲ್ಲ. ಅವಳು ಅಲ್ಲೇ ಇರಲಿ, ನಿಮ್ಮ ಜೊತೆಯೇ ಓದಲಿ. ಅವಳ ಓದಿನ ಚಿಂತೆಯ ಜೊತೆಗೆ, ಮನೆಯಲ್ಲಿ ತೊಟ್ಟಿಲು ತೂಗಲು ಒಂದು ಕೈ ಬೇಕೆಂಬ ಆಸೆಯೂ ನನ್ನ ಮನಸ್ಸಿನಲ್ಲಿತ್ತು. ಒಪ್ಪಿಕೊಳ್ಳುತ್ತೇನೆ. ನೀವು ಹೊರಟ ದಿನ ನೀಲಾಂಬಿಕೆ "ನನ್ನ ತೊಟ್ಲು ನಾನೇ ತೂಗ್ತೀನಿ ಬುಡ್ರಿ, ನಿಮ್ ಕೈಗೇನಾಗಿದೆ?" ಅಂದಳು. ಈಗ ಸಾಯಂಕಾಲ ಅದು ನನ್ನ ಪಾಲಿಗೆ ಬಂದಿದೆ. ಕೂಸು ನನ್ನನ್ನು ಕಂಡರೆ ನಗುತ್ತದೆ. ಮೊದಲ ಎರಡು ಮಕ್ಕಳು ಈ ವಯಸ್ಸಿನಲ್ಲಿ ನಗುತ್ತಿದ್ದವೋ ಇಲ್ಲವೋ ನಾನು ನೋಡಿರಲಿಲ್ಲ.

ಇನ್ನೊಂದು ವಿಷಯವನ್ನು ನೀಲಾಂಬಿಕೆಗೂ ಹೇಳಿಲ್ಲ. ನನಗೆ ಸೈಕಲ್ಲು ಬರುವುದಿಲ್ಲ. ಮೈಸೂರಿನಲ್ಲಿ ಟ್ರೈನಿಂಗಿಗೆ ಇದ್ದಾಗ ಜೊತೆಯವರೆಲ್ಲ ಕಲಿತರು. ಹಿಂದೆ ಹಿಡಿದುಕೊಂಡು ಓಡಿ ಬರಲು ಯಾರನ್ನು ಕೇಳುವುದೆಂದು ಸಂಕೋಚಪಟ್ಟು, ನಡೆಯುವುದೇ ನನಗೆ ಇಷ್ಟ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಏಪ್ರಿಲ್ ಹತ್ತಕ್ಕೆ ಬೇಸಿಗೆ ರಜೆ. ಹನ್ನೊಂದಕ್ಕೆ ಊರಿಗೆ ಬರುತ್ತೇನೆ. ಬೀರಮ್ಮನವರಿಗೆ ಮುಂಚೆಯೇ ಹೇಳಿಡಿ. ಸೀಟು ಹಿಡಿದುಕೊಳ್ಳಲು ನಂಜಿ ಮುಂದೆ ಬರುತ್ತಾಳೆ, ಅವಳಿಗೆ ಬಿಡಬೇಡಿ. ನೀವೇ ಹಿಡಿದುಕೊಳ್ಳಬೇಕು, ಅಪ್ಪಾಜಿ.

ನಿಮ್ಮ ದೊಡ್ಡ ಮಗು
ವೀರಭದ್ರ